ಪ್ರಾಜೆಕ್ಟ್ ಮಾಡೋದು ಒಬ್ಬ, ಸ್ಲೈಡ್ ಓದೋದು ಎಲ್ಲರೂ: ಇದನ್ನು ಸರಿಮಾಡುವುದು ಹೇಗೆ?

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾದಾಗ ಎಲ್ಲ ಟೀಮ್‌ಗಳೂ ಚೆಂದದ ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವ ವಾರದಿಂದ ಯಾವ ವಾರದವರೆಗೆ ಎಂದು ಗೆರೆಗಳಲ್ಲಿ ತೋರಿಸುವ ಪಟ್ಟಿ) ತಂದು ತೋರಿಸುತ್ತವೆ. ಆಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಕೆಲಸವೆಲ್ಲ ಕೊನೆಯ ಮೂರು ವಾರದಲ್ಲಿ, ಅದೂ ಒಬ್ಬನ ತಲೆ ಮೇಲೆ. ವೈವಾ ದಿನ ಉಳಿದವರು ಸರದಿ ಪ್ರಕಾರ ಸ್ಲೈಡ್ ಓದಿ ಕೂರುತ್ತಾರೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ಗೂ ಪ್ರೆಸೆಂಟೇಶನ್‌ಗೂ ಬೇರೆ ಪೇಪರ್ ಇಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಬೇರೆ ಪೇಪರ್ ಇಟ್ಟರೆ ಇನ್ನೊಂದು ಪೇಪರ್ ಪಾಸ್ ಮಾಡುತ್ತಾರೆ, ಅಷ್ಟೇ. ನನ್ನ ಪ್ರಕಾರ ಇವು ಎರಡು ವಿಷಯಗಳೇ ಅಲ್ಲ. ಕೆಲಸ ಈಗ ಎಲ್ಲಿಗೆ ಬಂದಿದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ತಿಳಿದುಕೊಳ್ಳುವುದು ಒಂದು ಅರ್ಧ. ಅದನ್ನು ಮುಚ್ಚುಮರೆಯಿಲ್ಲದೆ ಇನ್ನೊಬ್ಬರಿಗೆ ಹೇಳುವುದು ಇನ್ನರ್ಧ. ಎರಡನ್ನೂ ಪ್ರಾಜೆಕ್ಟ್ ಒಳಗೇ, ವಾರ ವಾರ ಕಲಿಸಬೇಕು.

ಮೊದಲು ಚಾರ್ಟ್ ವಿಷಯ. ಅದನ್ನು ಯಾರೂ ತೆರೆಯದಿರುವುದಕ್ಕೆ ಕಾರಣ ನಾವೇ ಅಲ್ವಾ? ಚಾರ್ಟ್ ಬರೆದದ್ದಕ್ಕೆ ಮಾರ್ಕ್ಸ್ ಕೊಟ್ಟೆವು, ಅವರು ಬರೆದರು. 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಇಂಥ ಚಾರ್ಟ್‌ಗಳನ್ನು ಕಾರ್ಖಾನೆಗಳಲ್ಲಿ ಬಳಕೆಗೆ ತಂದದ್ದು ಅಂದುಕೊಂಡದ್ದೆಷ್ಟು, ಆದದ್ದೆಷ್ಟು ಎಂದು ಪಕ್ಕಪಕ್ಕದಲ್ಲಿ ನೋಡುವುದಕ್ಕೆ. ಹಾಗಾಗಿ ಮೊದಲ ಚಾರ್ಟ್‌ಗೆ ಮಾರ್ಕ್ಸ್ ಬೇಡ. ಅದನ್ನು ಎಲ್ಲೆಲ್ಲಿ ಬದಲಾಯಿಸಿದರು, ಯಾಕೆ ಬದಲಾಯಿಸಿದರು ಎಂಬ ಟಿಪ್ಪಣಿಗೆ ಕೊಡಿ. ಪ್ರಾಜೆಕ್ಟ್ ಮುಗಿದರೂ ಒಂದು ಗೆರೆಯೂ ಅಲುಗಾಡದ ಚಾರ್ಟ್ ಕಂಡರೆ ಅನುಮಾನ ಪಡಬೇಕು. ಒಂದೋ ಆ ಟೀಮ್ ಅದನ್ನು ನೋಡಿಲ್ಲ, ಇಲ್ಲವೇ ಕೊನೆಗೆ ಕೂತು ತಿದ್ದಿದೆ.

ಇನ್ನು ಯಾವ ಕೆಲಸ ಎಷ್ಟು ಮುಖ್ಯ ಎಂಬುದು. ಇದನ್ನು ಬೋರ್ಡ್ ಮೇಲೆ ಒಂದು ಲೆಕ್ಕ ಮಾಡಿಯೇ ತೋರಿಸಿ. ಒಂದು ಟೀಮ್ ತಾಪಮಾನ ದಾಖಲಿಸುವ ಸಣ್ಣ ಸಾಧನ ಮಾಡುತ್ತಿದೆ ಅಂದುಕೊಳ್ಳೋಣ. ಡಿಸೈನ್ ತೀರ್ಮಾನಕ್ಕೆ 1 ವಾರ. ಬಿಡಿಭಾಗ ಆರ್ಡರ್ ಮಾಡಿ ಕೈಗೆ ಬರಲು 3 ವಾರ. ಬಂದ ಮೇಲೆ ಸರ್ಕ್ಯೂಟ್ ಬೋರ್ಡ್ ಜೋಡಿಸಲು 2 ವಾರ. ಕೋಡ್ ಬರೆಯಲು 4 ವಾರ, ಇದನ್ನು ಭಾಗಗಳಿಗೆ ಕಾಯದೆ ಶುರು ಮಾಡಬಹುದು. ಬೋರ್ಡ್ ಮತ್ತು ಕೋಡ್ ಎರಡೂ ಆದ ಮೇಲೆ ಪರೀಕ್ಷೆಗೆ 3 ವಾರ, ವರದಿಗೆ 2 ವಾರ. ಕೋಡ್ ದಾರಿಯಲ್ಲಿ ಕೂಡಿದರೆ 10 ವಾರ. ಬಿಡಿಭಾಗದ ದಾರಿಯಲ್ಲಿ ಕೂಡಿದರೆ 11. ಅಂದರೆ ಇಡೀ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ ಎಂದು ತೀರ್ಮಾನಿಸುವುದು ಎಲ್ಲರೂ ತಲೆ ಕೆಡಿಸಿಕೊಂಡು ಕೂತ ಕೋಡ್ ಅಲ್ಲ, ಯಾರೋ ಒಬ್ಬರಿಗೆ ಸುಮ್ನೆ ವಹಿಸಿಬಿಟ್ಟ ಆರ್ಡರ್. ಕೋಡ್ ಒಂದು ವಾರ ತಡವಾದರೂ ನಡೆಯುತ್ತದೆ. ಆರ್ಡರ್ ಎರಡು ವಾರ ತಡವಾದರೆ 11 ಇದ್ದದ್ದು 13 ಆಗುತ್ತದೆ.

ಹೀಗೆ ಎಲ್ಲಕ್ಕಿಂತ ಉದ್ದವಾದ ದಾರಿಯೇ ಕ್ರಿಟಿಕಲ್ ಪಾತ್. ಅದನ್ನು ಹುಡುಕುವುದು 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಯ ರಾಸಾಯನಿಕ ಕಾರ್ಖಾನೆಗಳ ಕೆಲಸಕ್ಕಾಗಿ ಹುಟ್ಟಿದ ವಿಧಾನ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ಯೋಜನಾ ವಿಧಾನ ತಂದಿತು. ಅದರ ಒಂದು ಸಣ್ಣ ಸೂತ್ರ ವಿದ್ಯಾರ್ಥಿಗಳಿಗೆ ಬಹಳ ಉಪಯೋಗ. ಎಲ್ಲ ಸುಸೂತ್ರವಾದರೆ ಎಷ್ಟು ವಾರ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು ಎಂದು ಕೇಳಿ. ನಡುವಿನ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿ. ಮೇಲಿನ ಬಿಡಿಭಾಗಕ್ಕೆ 2, 3, 10 ಎಂದರೆ ಬರುವ ಉತ್ತರ 4 ವಾರ. ಮೂರು ವಾರ ಎಂದು ಬಾಯಿ ಮಾತಿಗೆ ಹೇಳಿದ್ದರಲ್ಲ, ಅದು ಅಲ್ಲೇ ಬಿತ್ತು. ಸೂತ್ರ ಅಷ್ಟೇನೂ ನಿಖರವಲ್ಲ ಬಿಡಿ. ಆದರೆ "ಎಲ್ಲ ಕೆಟ್ಟರೆ?" ಎಂಬ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿಸುತ್ತದೆ. ತಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ ಎಂದು ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್ ಮತ್ತು ಟ್ವರ್ಸ್ಕಿ 1979ರಲ್ಲೇ ಬರೆದಿದ್ದಾರೆ. ವಿದ್ಯಾರ್ಥಿಗಳನ್ನಷ್ಟೇ ಬೈದು ಪ್ರಯೋಜನವಿಲ್ಲ.

ಒಬ್ಬನೇ ದುಡಿಯುವ ಸಮಸ್ಯೆಗೆ ಪೂರ್ತಿ ಮದ್ದು ಇಲ್ಲ, ಕಡಿಮೆ ಮಾಡಬಹುದು. ಪ್ರತಿ ಕೆಲಸದ ಎದುರು ಒಂದೇ ಹೆಸರು ಇರಲಿ. "ರಾಜು ಮತ್ತು ಟೀಮ್" ಎಂದು ಬರೆದರೆ ರಾಜುವೇ ಮಾಡುತ್ತಾನೆ. "ಕೋಡಿಂಗ್" ಎಂದಷ್ಟೇ ಬರೆಯಲು ಬಿಡಬೇಡಿ. "ಸೆನ್ಸರ್‌ನಿಂದ ಹತ್ತು ಸೆಕೆಂಡಿಗೊಮ್ಮೆ ಓದಿ ಮೆಮೊರಿ ಕಾರ್ಡ್‌ನಲ್ಲಿ ಉಳಿಸುವುದು" ಎಂದು ಬರೆಸಿ. ಆಗ ಅದು ಆಯಿತೋ ಇಲ್ಲವೋ ಯಾರು ಬೇಕಾದರೂ ನೋಡಿ ಹೇಳಬಹುದು. "ತೊಂಬತ್ತು ಪರ್ಸೆಂಟ್ ಆಗಿದೆ ಸರ್" ಎಂಬ ಉತ್ತರಕ್ಕೆ ಜಾಗವೇ ಇರುವುದಿಲ್ಲ. ಟೀಮಿನವರು ಒಬ್ಬರಿಗೊಬ್ಬರು ಮಾರ್ಕ್ಸ್ ಕೊಡುವ ಪದ್ಧತಿ ಹಲವು ಕಡೆ ಇದೆ. ಆದರೆ ಸ್ನೇಹಿತರು ಒಬ್ಬರಿಗೊಬ್ಬರು ಹತ್ತಕ್ಕೆ ಹತ್ತು ಕೊಟ್ಟುಕೊಳ್ಳುತ್ತಾರೆ. ಅಂಕಿ ಬಿಟ್ಟು "ಈ ತಿಂಗಳು ಇವರು ಮುಗಿಸಿದ ಒಂದು ಕೆಲಸ ಹೆಸರಿಸಿ" ಎಂದು ಕೇಳಿ. ಖಾಲಿ ಬಿಟ್ಟ ಸಾಲೇ ಎಲ್ಲ ಹೇಳುತ್ತದೆ. ಇದನ್ನು ಕೊನೆಯಲ್ಲಲ್ಲ, ನಡುವಿನಲ್ಲೇ ಕೇಳಬೇಕು. ತಿದ್ದಿಕೊಳ್ಳಲು ಸಮಯ ಬೇಕಲ್ಲ.

ಈಗ ಮಾತಿನ ಭಾಗ. ವರ್ಷಕ್ಕೊಮ್ಮೆ ಇಪ್ಪತ್ತು ನಿಮಿಷ ಮಾತಾಡಿಸುವ ಬದಲು ವಾರಕ್ಕೊಮ್ಮೆ ಮೂರು ನಿಮಿಷ ಮಾತಾಡಿಸಿ. ಏನಾಯಿತು, ಏನಾಗಲಿಲ್ಲ, ಮುಂದಿನ ವಾರ ಯಾವುದು ಕೈಕೊಡಬಹುದು, ಇಷ್ಟೇ. ಒಂದೇ ಸ್ಲೈಡ್. ಯಾರು ಮಾತಾಡಬೇಕು ಎಂಬುದನ್ನು ಅವತ್ತೇ ಚೀಟಿ ಎತ್ತಿ ತೀರ್ಮಾನಿಸಿ. ಚೀಟಿಯಲ್ಲಿ ತನ್ನ ಹೆಸರು ಬರಬಹುದು ಎಂಬ ಹೆದರಿಕೆಗಾದರೂ ಕೋಡ್ ಮುಟ್ಟದವನು ಹಿಂದಿನ ದಿನ ಗೆಳೆಯನ ಪಕ್ಕ ಕೂತು ಕೇಳಿಸಿಕೊಳ್ಳುತ್ತಾನೆ. ಒಂದು ಮಾತು ಮಾತ್ರ ನೆನಪಿರಲಿ. "ಆಗಲಿಲ್ಲ" ಎಂದು ಹೇಳಿದ ಟೀಮನ್ನು ಎಲ್ಲರೆದುರು ಬೈದಿರೋ, ಮುಂದಿನ ವಾರದಿಂದ ಎಲ್ಲ ಟೀಮ್‌ಗಳ ಎಲ್ಲ ಕೆಲಸವೂ "ಆಗಿದೆ".

ಸ್ಲೈಡ್ ಹೇಗಿರಬೇಕು ಎಂಬುದಕ್ಕೆ ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಕಥೆ ಹೇಳಿ. 2003ರ ಜನವರಿಯಲ್ಲಿ ಉಡಾವಣೆ ಹೊತ್ತಿಗೆ ಇಂಧನ ಟ್ಯಾಂಕಿನ ಹೊರಪದರದಿಂದ ಗಟ್ಟಿ ಫೋಮ್‌ನ ತುಂಡೊಂದು ಕಿತ್ತು ಬಂದು ರೆಕ್ಕೆಗೆ ಬಡಿಯಿತು. ಅಪಾಯವಿದೆಯೇ ಎಂದು ಇಂಜಿನಿಯರ್‌ಗಳು ಸ್ಲೈಡ್‌ಗಳಲ್ಲಿ ವಿವರಿಸಿದರು. ಒಂದು ಸ್ಲೈಡ್‌ನ ದೊಡ್ಡ ಅಕ್ಷರದ ತಲೆಬರಹ ಧೈರ್ಯ ಹೇಳುವಂತಿತ್ತು. ಅದೇ ಸ್ಲೈಡ್‌ನ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಬಡಿದ ತುಂಡಿನ ಗಾತ್ರ 1920 ಘನ ಇಂಚು, ಪರೀಕ್ಷೆಯಲ್ಲಿ ಬಳಸಿದ್ದು 3 ಘನ ಇಂಚು ಎಂದಿತ್ತು. 640 ಪಟ್ಟು ವ್ಯತ್ಯಾಸ! ಫೆಬ್ರವರಿ 1ರಂದು ನೌಕೆ ಮರಳುವಾಗ ಛಿದ್ರವಾಗಿ ಏಳು ಗಗನಯಾತ್ರಿಗಳು ಸತ್ತರು. ಸ್ಲೈಡ್‌ನಿಂದಲೇ ಹೀಗಾಯಿತು ಎನ್ನುವಂತಿಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಈ ಸ್ಲೈಡನ್ನು ಹೆಸರಿಸಿಯೇ ಟೀಕಿಸಿತು.

ಇದರಿಂದ ಬರುವ ಪಾಠವನ್ನು ತರಗತಿಯಲ್ಲಿ ಕೂಡಲೇ ಮಾಡಿಸಬಹುದು. ಸ್ಲೈಡ್ ತಲೆಬರಹ "ಫಲಿತಾಂಶಗಳು" ಎಂದಿದ್ದರೆ ಹೊಡೆದುಹಾಕಿ. "40 ಡಿಗ್ರಿ ದಾಟಿದರೆ ನಮ್ಮ ಸಾಧನ 2 ಡಿಗ್ರಿ ಜಾಸ್ತಿ ತೋರಿಸುತ್ತದೆ" ಎಂಬ ಪೂರ್ತಿ ವಾಕ್ಯ ಬರಲಿ. ಕೆಳಗೆ ಬುಲೆಟ್ ಸಾಲು ಬೇಡ, ಅದನ್ನು ತೋರಿಸುವ ಒಂದು ಗ್ರಾಫ್ ಸಾಕು. ಓದಲು ಸಾಲುಗಳೇ ಇಲ್ಲದಿದ್ದರೆ ಗ್ರಾಫ್ ನೋಡಿ ಮಾತಾಡಲೇಬೇಕು. ತಮ್ಮದಲ್ಲದ ಭಾಷೆಯಲ್ಲಿ ಮಾತಾಡಬೇಕಾದವರು ಬಾಯಿಪಾಠಕ್ಕೆ ಬೀಳುವುದು ಹೆಚ್ಚು. ಅವರಿಗೆ ಮೊದಲ ರಿಹರ್ಸಲ್ ಮನೆಮಾತಿನಲ್ಲಿ ಮಾಡಲು ಹೇಳಿ. ವಿಷಯ ತಿಳಿದಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೋತ್ತರಕ್ಕೂ ಅಭ್ಯಾಸ ಬೇಕು. "ಇದನ್ನು ನಾವು ಅಳೆದಿಲ್ಲ, ಅಳೆಯಬೇಕಾದರೆ ಹೀಗೆ ಮಾಡುತ್ತೇವೆ" ಎಂಬ ಉತ್ತರಕ್ಕೆ ಪೂರ್ತಿ ಮಾರ್ಕ್ಸ್ ಇದೆ ಎಂದು ಮೊದಲೇ ಹೇಳಿಬಿಡಿ.

ಇದಕ್ಕೆಲ್ಲ ಸಮಯ ಎಲ್ಲಿದೆ ಎನ್ನಬಹುದು. ತರಗತಿಯಲ್ಲಿ 60 ಜನ, ನಾಲ್ಕು ನಾಲ್ಕು ಜನರ 15 ಟೀಮ್ ಎಂದರೆ ತಲಾ ಮೂರು ನಿಮಿಷ ಮಾತು, ಒಂದು ನಿಮಿಷ ಪ್ರಶ್ನೆ, ಒಟ್ಟು ಒಂದು ಗಂಟೆ. ಅಷ್ಟೂ ಸಿಗದಿದ್ದರೆ ಅರ್ಧ ಟೀಮ್‌ಗಳು ಈ ವಾರ, ಉಳಿದವು ಮುಂದಿನ ವಾರ. ಗಡಿಯಾರ ನೋಡುವ ಕೆಲಸ ವಿದ್ಯಾರ್ಥಿಗಳಿಗೇ ಕೊಡಿ, ಅವರು ನಮಗಿಂತ ಕಟ್ಟುನಿಟ್ಟು.