ಕೆಲಸ ಕೊಟ್ಟವರಿಗೆ ತೆಗೆಯುವ ಅಧಿಕಾರ ಎಷ್ಟು? ಭಾರತದ ಕಾರ್ಮಿಕ ಕಾನೂನು ನಡೆದುಬಂದ ದಾರಿ

ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವವರಾಗಲಿ, ವಿದೇಶಿ ಕಂಪನಿಯೊಂದರ ಪರವಾಗಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಚೇರಿ ತೆರೆಯುವವರಾಗಲಿ, ನೇಮಕಾತಿ ಪತ್ರದಲ್ಲಿ ಒಂದು ಸಾಲನ್ನು ತಪ್ಪದೆ ಸೇರಿಸುತ್ತಾರೆ: ಎರಡರಲ್ಲಿ ಯಾವ ಕಡೆಯವರಾದರೂ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ ಕೊಟ್ಟು ಕೆಲಸದ ಸಂಬಂಧವನ್ನು ಮುಗಿಸಬಹುದು. ಇಬ್ಬರೂ ಸಹಿ ಹಾಕಿದ ಮೇಲೆ ಇನ್ನೇನು ಉಳಿಯಿತು ಎಂದುಕೊಂಡ ಮಾಲೀಕರಿಗೆ, ಕಾರ್ಮಿಕ ನ್ಯಾಯಾಲಯದಲ್ಲಿ ಆ ಸಾಲಿಗೆ ಸಿಗುವ ಬೆಲೆ ಎಷ್ಟು ಅಲ್ಪವೆಂಬುದು ಮೊದಲ ಮೊಕದ್ದಮೆಯಲ್ಲಿಯೇ ಅರಿವಾಗುತ್ತದೆ. ಕಾಯ್ದೆಯ ಸೆಕ್ಷನ್‌ಗಳನ್ನು ಒಂದೊಂದಾಗಿ ಓದುತ್ತ ಹೋದರೆ ಇದರ ಕಾರಣ ಸುಲಭಕ್ಕೆ ಸಿಗುವುದಿಲ್ಲ. ಪ್ರತಿಯೊಂದು ಸೆಕ್ಷನ್ನಿನ ಹಿಂದೆಯೂ ಒಂದು ಹಳೆಯ ಜಗಳವಿದೆ, ಅದನ್ನು ತಿಳಿದವರಿಗೆ ಮಾತ್ರ ಕಾನೂನು ಯಾವಾಗ ಬಿಗಿಯುತ್ತದೆ, ಯಾವಾಗ ಸಡಿಲವಾಗುತ್ತದೆ ಎಂಬುದು ಗೊತ್ತಾಗುತ್ತದೆ.

ಆರಂಭದಲ್ಲಿ ಕಾನೂನು ಮಾಲೀಕರ ಕೈಯಲ್ಲಿಯೇ ಇತ್ತು. ಮುಂಗಡ ಹಣ ಪಡೆದು ಕೆಲಸ ಮುಗಿಸದೆ ಹೋದ ಕುಶಲಕರ್ಮಿ ಅಥವಾ ಕೂಲಿಯಾಳನ್ನು ಮ್ಯಾಜಿಸ್ಟ್ರೇಟರ ಮುಂದೆ ಎಳೆದು ತರಲು 1859ರ ಕಾಯ್ದೆಯೊಂದು ಅವಕಾಶ ಕೊಟ್ಟಿತ್ತು. ಹಣ ಮರಳಿಸು ಇಲ್ಲವೇ ಕೆಲಸ ಮುಗಿಸು ಎಂಬ ಆದೇಶವನ್ನು ಪಾಲಿಸದವನಿಗೆ ಮೂರು ತಿಂಗಳವರೆಗೆ ಸೆರೆವಾಸವಾಗಬಹುದಿತ್ತು. ಒಪ್ಪಂದ ಮುರಿದ ಮಾಲೀಕನಿಗೆ ಅಂಥ ಶಿಕ್ಷೆ ಇರಲಿಲ್ಲ. ಈ ಕಾಯ್ದೆಯನ್ನು ರದ್ದುಗೊಳಿಸಲು 1925ರವರೆಗೆ ಕಾಯಬೇಕಾಯಿತು. ನಡುವೆ 1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂದಿತಾದರೂ ಅದು ನೂರು ಅಥವಾ ಹೆಚ್ಚು ಜನರಿರುವ, ಯಂತ್ರಶಕ್ತಿ ಬಳಸುವ ಕಾರ್ಖಾನೆಗಳಿಗಷ್ಟೇ ಅನ್ವಯಿಸುತ್ತಿತ್ತು, ಮುಖ್ಯವಾಗಿ ಮಕ್ಕಳ ದುಡಿಮೆಯ ಬಗ್ಗೆ ಮಾತನಾಡುತ್ತಿತ್ತು. ಅದರ ಹಿಂದೆ ಅನುಕಂಪದ ಜೊತೆಗೆ, ಬೊಂಬಾಯಿಯ ಅಗ್ಗದ ಬಟ್ಟೆಗೆ ಹೆದರಿದ ಲ್ಯಾಂಕಾಶೈರ್ ಗಿರಣಿ ಮಾಲೀಕರ ಒತ್ತಡವೂ ಇತ್ತು ಎಂಬುದನ್ನು ಮರೆಯುವಂತಿಲ್ಲ. ತಲೆ ಎಣಿಸಿ ಕಾನೂನು ಅನ್ವಯಿಸುವ ಪದ್ಧತಿಯೂ ಅಲ್ಲಿಂದಲೇ ನಮ್ಮಲ್ಲಿ ಬೇರೂರಿತು.

ಮುಂದಿನ ಘಟ್ಟ ಮದ್ರಾಸಿನದು. 1918ರಲ್ಲಿ ಸ್ಥಾಪನೆಯಾದ ಮದ್ರಾಸ್ ಲೇಬರ್ ಯೂನಿಯನ್ನಿನ ಮುಂದಾಳು ಬಿ.ಪಿ. ವಾಡಿಯಾ ಮತ್ತು ಅವರ ಸಂಗಡಿಗರ ಮೇಲೆ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಗಿರಣಿಯ ಆಡಳಿತ ಮೊಕದ್ದಮೆ ಹೂಡಿತು. ಕಾರ್ಮಿಕರು ಒಪ್ಪಂದ ಮುರಿಯುವಂತೆ ಪ್ರಚೋದಿಸಿದರೆಂಬುದು ಆರೋಪ. ಹೈಕೋರ್ಟು ಗಿರಣಿಯ ಪರವಾಗಿ ತಡೆಯಾಜ್ಞೆ ನೀಡಿತು. ಸಂಘ ಕಟ್ಟುವುದೇ ಹೀಗೆ ತಪ್ಪೆನಿಸಿಕೊಳ್ಳುವುದಾದರೆ ಮಾತುಕತೆಗೆ ದಾರಿಯೇ ಇಲ್ಲವೆಂಬ ವಾದ ಬಲಗೊಂಡು, 1926ರ ಟ್ರೇಡ್ ಯೂನಿಯನ್ ಕಾಯ್ದೆಯಿಂದ ನೋಂದಾಯಿತ ಸಂಘಗಳಿಗೆ ರಕ್ಷಣೆ ದೊರೆಯಿತು.

ಆದರೂ ಕೆಲಸದಿಂದ ತೆಗೆದವನನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಮಾಲೀಕನಿಗೆ ಹೇಳುವವರು ಯಾರೂ ಇರಲಿಲ್ಲ. ಸಾಮಾನ್ಯ ಸಿವಿಲ್ ಕಾನೂನಿನ ಪ್ರಕಾರ, ಒಬ್ಬರ ಸೇವೆಯನ್ನು ಇನ್ನೊಬ್ಬರ ಮೇಲೆ ಹೇರುವಂತಿಲ್ಲ. ತೆಗೆದದ್ದು ತಪ್ಪಾದರೆ ನಷ್ಟಪರಿಹಾರ ಕೊಟ್ಟರಾಯಿತು. ಈ ತತ್ತ್ವವನ್ನು ಕದಲಿಸಿದ್ದು ಎರಡನೆಯ ಮಹಾಯುದ್ಧ. ಯುದ್ಧಕಾಲದಲ್ಲಿ ಉತ್ಪಾದನೆ ನಿಲ್ಲಬಾರದೆಂಬ ಉದ್ದೇಶದಿಂದ, 1942ರಲ್ಲಿ ಭಾರತ ರಕ್ಷಣಾ ನಿಯಮಗಳಿಗೆ ಸೇರಿಸಿದ 81-ಎ ನಿಯಮದ ಮೂಲಕ, ವಿವಾದಗಳನ್ನು ಕಡ್ಡಾಯ ತೀರ್ಪಿಗೆ ಒಪ್ಪಿಸುವ ಅಧಿಕಾರವನ್ನು ಸರ್ಕಾರ ತನ್ನದಾಗಿಸಿಕೊಂಡಿತು. ತಾತ್ಕಾಲಿಕವೆಂದು ಬಂದ ಈ ಏರ್ಪಾಡನ್ನೇ 1947ರ ಕೈಗಾರಿಕಾ ವಿವಾದ ಕಾಯ್ದೆ ಶಾಶ್ವತಗೊಳಿಸಿತು. ಎರಡು ವರ್ಷಗಳ ಬಳಿಕ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯವು, ವಜಾಗೊಂಡವರ ಮರುನೇಮಕವೂ ಕೈಗಾರಿಕಾ ವಿವಾದವೇ, ಅದನ್ನು ಆದೇಶಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ ಎಂದಿತು. ನೇಮಕಾತಿ ಪತ್ರದ ಆ ಒಂದು ಸಾಲು ಬಲ ಕಳೆದುಕೊಂಡದ್ದು ಆಗ. ನನ್ನ ದೃಷ್ಟಿಯಲ್ಲಿ ಇಡೀ ಚರಿತ್ರೆಯ ತಿರುವು ಇದೇ, ಅನಂತರ ಬಂದದ್ದೆಲ್ಲ ಇದರ ವಿಸ್ತರಣೆ.

ವಿಸ್ತರಣೆಯೂ ಸಣ್ಣದಲ್ಲ. 1953ರ ತಿದ್ದುಪಡಿಯು, ಹನ್ನೆರಡು ತಿಂಗಳಲ್ಲಿ 240 ದಿನ ದುಡಿದ ಕಾರ್ಮಿಕನನ್ನು ಕಡಿತಗೊಳಿಸುವ, ಅಂದರೆ ಶಿಕ್ಷೆಯಾಗಿ ಅಲ್ಲದೆ ಬೇರೆ ಕಾರಣಕ್ಕೆ ಕೆಲಸದಿಂದ ತೆಗೆಯುವ ಮುನ್ನ ಒಂದು ತಿಂಗಳ ನೋಟಿಸ್ ಅಥವಾ ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂದು ವಿಧಿಸಿತು. ಈ ಪರಿಹಾರ ಪೂರ್ವಷರತ್ತು. ಆಮೇಲೆ ಕೊಡುತ್ತೇನೆಂದರೆ ಕಡಿತವೇ ಅಸಿಂಧುವಾಗುತ್ತದೆ. ಕೊನೆಗೆ ಸೇರಿದವರು ಮೊದಲು ಹೊರಡಬೇಕೆಂಬ ಕ್ರಮವೂ ಆಗಲೇ ಬಂತು. 1965ರಲ್ಲಿ, ಸಂಘದ ಬೆಂಬಲವಿಲ್ಲದ ಒಬ್ಬನೇ ನೌಕರನ ವಜಾ ಕೂಡ ಕೈಗಾರಿಕಾ ವಿವಾದವೆನಿಸಿತು. 1971ರಲ್ಲಿ, ಆಂತರಿಕ ವಿಚಾರಣೆ ಸರಿಯಾಗಿಯೇ ನಡೆದಿದ್ದರೂ ಶಿಕ್ಷೆ ಅತಿಯಾಯಿತೆಂದು ಕಂಡರೆ ಅದನ್ನು ತಗ್ಗಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ ಬಂತು. ಕರ್ನಾಟಕ ಈ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರ ವಿವಾದವನ್ನು ಒಪ್ಪಿಸುವವರೆಗೆ ಕಾಯದೆ, ತೆಗೆದುಹಾಕಲ್ಪಟ್ಟ ಕಾರ್ಮಿಕನು ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದೆಂಬ ಉಪಕಲಮನ್ನು ರಾಜ್ಯ 1988ರಲ್ಲಿಯೇ ತಂದಿತು. ಕೇಂದ್ರ ಅದೇ ಬಗೆಯ ಅವಕಾಶ ಕೊಟ್ಟದ್ದು 2010ರಲ್ಲಿ.

ಮಾಲೀಕರು ಸುಮ್ಮನಿರಲಿಲ್ಲ. 240 ದಿನ ತುಂಬುವ ಮುನ್ನ ಸೇವೆಯಲ್ಲಿ ಬೇಕೆಂದೇ ವಿರಾಮ ಹಾಕುವುದು, ಅದೇ ಆಳನ್ನು ವಾರದ ಬಳಿಕ ಹೊಸದಾಗಿ ತೆಗೆದುಕೊಳ್ಳುವುದು ರೂಢಿಯಾಯಿತು. 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಭಾನುವಾರ ಮತ್ತು ವೇತನಸಹಿತ ರಜೆಗಳೂ ಆ ಲೆಕ್ಕಕ್ಕೆ ಸೇರುತ್ತವೆ ಎಂದು ಹೇಳಿದಾಗ ಹಲವರ ಗಣಿತ ತಪ್ಪಿತು. ಖಾಯಂ ಸೌಲಭ್ಯ ತಪ್ಪಿಸಲೆಂದೇ ವರ್ಷಗಟ್ಟಲೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದನ್ನು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಗೆ ಅಷ್ಟರಲ್ಲಿ ಸೇರಿಸಲಾಗಿತ್ತು.

ಕಾನೂನಿನ ವ್ಯಾಪ್ತಿಯನ್ನೇ ಹಿಗ್ಗಿಸಿದ ತೀರ್ಪು ಹೊರಟದ್ದು ಬೆಂಗಳೂರಿನಿಂದ. ದುರ್ನಡತೆಗಾಗಿ ದಂಡ ತೆತ್ತ ಬೆಂಗಳೂರು ಜಲಮಂಡಳಿಯ ನೌಕರರು ತಮ್ಮ ಹಣ ಕೇಳಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ನಾವು ಕೈಗಾರಿಕೆಯೇ ಅಲ್ಲ ಎಂದು ಮಂಡಳಿ ವಾದಿಸಿತು. 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಬಹುಮತದ ಪರವಾಗಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು, ಮಾಲೀಕ ಮತ್ತು ನೌಕರರ ಸಹಕಾರದಿಂದ, ವ್ಯವಸ್ಥಿತವಾಗಿ, ಜನರ ಅಗತ್ಯಕ್ಕಾಗಿ ಸರಕು ಅಥವಾ ಸೇವೆ ಒದಗಿಸುವುದೆಲ್ಲವೂ ಕೈಗಾರಿಕೆ, ಲಾಭದ ಉದ್ದೇಶವಿರಬೇಕಾಗಿಲ್ಲ ಎಂದಿತು. ಆಸ್ಪತ್ರೆ, ಶಿಕ್ಷಣ ಸಂಸ್ಥೆ, ಕ್ಲಬ್ಬುಗಳಿಗೂ ಈ ಕಸೋಟಿ ಅನ್ವಯವಾಯಿತು. ಇದನ್ನು ಕಿರಿದುಗೊಳಿಸಲು ಸಂಸತ್ತು 1982ರಲ್ಲಿ ಅಂಗೀಕರಿಸಿದ ಹೊಸ ವ್ಯಾಖ್ಯೆ ಜಾರಿಯಾಗಲೇ ಇಲ್ಲ.

ಇಷ್ಟಾದರೂ ಉದ್ಯಮಿಗಳ ಬಾಯಲ್ಲಿ ಹೆಚ್ಚು ಕೇಳಿಬರುವ ದೂರು ಬೇರೆಯದು: ಸರ್ಕಾರದ ಅಪ್ಪಣೆಯಿಲ್ಲದೆ ಜನರನ್ನು ತೆಗೆಯುವಂತಿಲ್ಲ, ಕಾರ್ಖಾನೆ ಮುಚ್ಚುವಂತಿಲ್ಲ. ಈ ನಿಯಮ ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ. ಆಗ ಅದು 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಅನ್ವಯವಾಗುತ್ತಿತ್ತು. ಮುಚ್ಚಲು ಅಪ್ಪಣೆ ಬೇಕೆಂಬ ಕಲಮನ್ನು ಸುಪ್ರೀಂ ಕೋರ್ಟು 1978ರ ಎಕ್ಸೆಲ್ ವೇರ್ ಪ್ರಕರಣದಲ್ಲಿ ತಳ್ಳಿಹಾಕಿತು. ಸಂಸತ್ತು 1982ರಲ್ಲಿ ಅದನ್ನು ತಿದ್ದಿ ಮತ್ತೆ ತಂದಿತು, ಜೊತೆಗೆ ಮಿತಿಯನ್ನು 300ರಿಂದ 100ಕ್ಕೆ ಇಳಿಸಿತು. ಗಮನಿಸಬೇಕಾದ ಸಂಗತಿಯೆಂದರೆ ಅಪ್ಪಣೆಯ ನಿಯಮಗಳಿರುವ ಈ ಅಧ್ಯಾಯ ಕಾರ್ಖಾನೆ, ಗಣಿ, ತೋಟಗಳಿಗಷ್ಟೇ ಸೀಮಿತ. ಸಾಫ್ಟ್‌ವೇರ್ ಕಚೇರಿಗಾಗಲಿ ಹೋಟೆಲಿಗಾಗಲಿ ಅದು ಎಂದೂ ಅನ್ವಯವಾಗಲಿಲ್ಲ, ಆದರೂ ಅದನ್ನು ದೂರದೆ ಸಭೆ ಮುಗಿಸಿದ ಉದ್ಯಮಿಗಳು ಕಡಿಮೆ. ಮಿತಿ ನೂರಕ್ಕೆ ಇಳಿದ ಮೇಲೆ ಅನೇಕ ಕಾರ್ಖಾನೆಗಳು ಗುತ್ತಿಗೆ ಕಾರ್ಮಿಕರತ್ತ ಹೊರಳಿದವು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ತಾನಾಗಿಯೇ ಖಾಯಂ ಆಗುವುದಿಲ್ಲವೆಂದು 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಪ್ರಕರಣದಲ್ಲಿ ತೀರ್ಪಾಗಿ, ಆ ದಾರಿ ಇನ್ನಷ್ಟು ಸಲೀಸಾಯಿತು. ಗುತ್ತಿಗೆ ಬರೀ ತೋರಿಕೆಯದಾಗಿದ್ದರೆ ಮಾತ್ರ ಮೂಲ ಮಾಲೀಕನೇ ಹೊಣೆ.

ಮಾಹಿತಿ ತಂತ್ರಜ್ಞಾನದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕರ್ನಾಟಕ ಸರ್ಕಾರ 2014ರ ಜನವರಿಯಲ್ಲಿ ಈ ಕಂಪನಿಗಳಿಗೆ ಐದು ವರ್ಷ ನೀಡಿದ ವಿನಾಯಿತಿ 2019ರಲ್ಲಿ, 2024ರಲ್ಲಿ ಮುಂದುವರಿಯಿತು. ಅದು ಸಂಸ್ಥೆಯ ಸೇವಾ ನಿಯಮಗಳನ್ನು ಬರೆದು ಪ್ರಮಾಣೀಕರಿಸಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮಾತ್ರ ಕೊಟ್ಟ ವಿನಾಯಿತಿ, ಅದಕ್ಕೂ ಷರತ್ತುಗಳಿದ್ದವು: ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ, ಕುಂದುಕೊರತೆ ಸಮಿತಿ, ವಜಾ ಮತ್ತು ಹಿಂಬಡ್ತಿಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ಸಲ್ಲಿಸುವುದು. ಕೈಗಾರಿಕಾ ವಿವಾದ ಕಾಯ್ದೆಯಿಂದ ಅವರಿಗೆ ಬಿಡುಗಡೆ ಸಿಕ್ಕಿರಲಿಲ್ಲ. ಆ ಕಾಯ್ದೆಯ ‘ಕಾರ್ಮಿಕ’ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸವೂ ಸೇರಿತ್ತು, ವೇತನ ಮಿತಿ ಇದ್ದದ್ದು ಮೇಲ್ವಿಚಾರಕರಿಗಷ್ಟೇ. ಕೈತುಂಬ ಸಂಬಳದ ಎಂಜಿನಿಯರ್ ಕೂಡ, ತನ್ನ ಕೈಕೆಳಗೆ ಯಾರೂ ಇಲ್ಲದಿದ್ದರೆ, ಕಾರ್ಮಿಕನೆಂದು ವಾದಿಸಬಹುದಾಗಿತ್ತು. ಹುದ್ದೆಗೆ ‘ಮ್ಯಾನೇಜರ್’ ಎಂಬ ಹೆಸರಿಟ್ಟ ಮಾತ್ರಕ್ಕೆ ನ್ಯಾಯಾಲಯ ಒಪ್ಪುವುದಿಲ್ಲ, ನಿಜವಾಗಿ ಮಾಡುವ ಕೆಲಸವೇನೆಂದು ಕೇಳುತ್ತದೆ.

ಚದುರಿದ ಕಾಯ್ದೆಗಳನ್ನು ಒಗ್ಗೂಡಿಸಬೇಕೆಂದು ಎರಡನೆಯ ರಾಷ್ಟ್ರೀಯ ಕಾರ್ಮಿಕ ಆಯೋಗ 2002ರಲ್ಲಿ ಶಿಫಾರಸು ಮಾಡಿತ್ತು. 29 ಕೇಂದ್ರ ಕಾಯ್ದೆಗಳು ನಾಲ್ಕು ಸಂಹಿತೆಗಳಾಗಿ 2019 ಮತ್ತು 2020ರಲ್ಲಿ ಅಂಗೀಕಾರಗೊಂಡರೂ, ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅಪ್ಪಣೆಯ ಮಿತಿ ನೂರರಿಂದ ಮತ್ತೆ 300ಕ್ಕೆ ಏರಿದೆ, ಅಂದರೆ 1976ರಲ್ಲಿ ಇದ್ದಲ್ಲಿಗೇ ಮರಳಿದೆ. ಸ್ಥಾಯಿ ಆದೇಶಗಳಿಗೂ 300ರ ಮಿತಿ ಬಂದಿದೆ. ಆದರೆ 240 ದಿನಗಳ ಲೆಕ್ಕ, ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನಗಳ ಪರಿಹಾರ ಎಲ್ಲವೂ ಹೊಸ ಸಂಹಿತೆಯಲ್ಲಿ ಹಾಗೆಯೇ ಉಳಿದಿವೆ. ಕಡಿತಗೊಂಡವರ ಮರುತರಬೇತಿಗೆಂದು ಇನ್ನೂ 15 ದಿನಗಳ ವೇತನವನ್ನು ನಿಧಿಗೆ ಕಟ್ಟಬೇಕು. ಕೆಲಸ ಬಿಟ್ಟವರಿಗೂ ತೆಗೆದವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಮೇಲ್ವಿಚಾರಕರ ವೇತನ ಮಿತಿ 10,000ದಿಂದ 18,000 ರೂಪಾಯಿಗೆ ಏರಿದೆ. ಅದರ ಜೊತೆಗೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ರಾಜ್ಯದ ಕಾಯ್ದೆಯಾದ್ದರಿಂದ ಈ ವಿಲೀನದಲ್ಲಿ ಸೇರಿಲ್ಲ. ಆರು ತಿಂಗಳ ಸೇವೆ ಮುಗಿಸಿದ ನೌಕರನನ್ನು ಸಮಂಜಸ ಕಾರಣವಿಲ್ಲದೆ ತೆಗೆಯಬಾರದೆಂಬ ಅದರ ಕಲಮನ್ನು ಕಚೇರಿ ನಡೆಸುವವರು ಸಂಹಿತೆಗಳ ಗದ್ದಲದಲ್ಲಿ ಮರೆಯುವ ಸಂಭವ ಹೆಚ್ಚು.

ನಿಜವಾದ ಹೊಸತು ನಿಗದಿತ ಅವಧಿಯ ನೇಮಕ. ಅವಧಿ ಮುಗಿದು ಹೊರಟರೆ ಅದು ಕಡಿತವಲ್ಲ, ಪರಿಹಾರವೂ ಇಲ್ಲ. ಪ್ರತಿಯಾಗಿ, ಖಾಯಂ ನೌಕರರಿಗೆ ಸಮನಾದ ವೇತನ ಸೌಲಭ್ಯಗಳನ್ನೂ, ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರ್ಯಾಚುಯಿಟಿಯನ್ನೂ ಕೊಡಬೇಕು. ಹನ್ನೊಂದು ತಿಂಗಳ ಒಪ್ಪಂದವನ್ನು ಮತ್ತೆ ಮತ್ತೆ ನವೀಕರಿಸಿ ಈ ಗ್ರ್ಯಾಚುಯಿಟಿಯನ್ನೂ ತಪ್ಪಿಸಲು ಹೊರಡುವ ಮಾಲೀಕರಿಗೆ, ತಾತ್ಕಾಲಿಕ ನೇಮಕವನ್ನು ವರ್ಷಗಟ್ಟಲೆ ಎಳೆಯುವುದು ಅನುಚಿತ ಪದ್ಧತಿಯೆಂಬ ಆ ಹಳೆಯ ಪಟ್ಟಿ ಹೊಸ ಸಂಹಿತೆಯ ಅನುಸೂಚಿಯಲ್ಲಿಯೂ ಎದುರಾಗುತ್ತದೆ.