ಮಾರಾಟಕ್ಕಿರುವ ಮನೆ ನೋಡುವಾಗ ಎಲ್ಲಿವರೆಗೆ ಕೈ ಹಾಕಬಹುದು?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಹಳೇ ಮನೆ ಕೊಳ್ಳೋಣ ಅಂತ ಹುಡುಕುತ್ತಿದ್ದೇವೆ. ಹೋದ ಕಡೆಯೆಲ್ಲ ಮನೆಯವರು ಇನ್ನೂ ಅಲ್ಲೇ ವಾಸವಿರುತ್ತಾರೆ. ನಲ್ಲಿ ತಿರುಗಿಸೋದು, ವಾರ್ಡ್‌ರೋಬ್ ತೆಗೆಯೋದು, ಫೋಟೋ ಹೊಡೆಯೋದು ತಪ್ಪಾಗುತ್ತಾ? ಸಂಕೋಚಪಟ್ಟು ಸುಮ್ನೆ ಬಂದರೆ ಆಮೇಲೆ ನಮಗೇ ನಷ್ಟ ಅಲ್ವಾ?

ನಷ್ಟವೇ. ಅಷ್ಟು ದುಡ್ಡು ಹಾಕುವವರು ನೋಡಲೇಬೇಕು. ನನ್ನ ಲೆಕ್ಕ ಇಷ್ಟು: ಮನೆ ಖಾಲಿ ಮಾಡುವ ದಿನ ಲಾರಿ ಹತ್ತುವ ಸಾಮಾನನ್ನು ಮುಟ್ಟಬೇಡಿ. ಮನೆಯ ಜತೆ ಉಳಿಯುವುದನ್ನು ಒಂದು ಮಾತು ಕೇಳಿ, ಧಾರಾಳವಾಗಿ ನೋಡಿ. ನಲ್ಲಿ, ಫ್ಲಶ್, ಕಿಟಕಿ, ಸ್ವಿಚ್ ಬೋರ್ಡು, ಸಂಪು, ತಾರಸಿ ಎಲ್ಲ ನೋಡಬಹುದು. ಫ್ರಿಜ್ಜು, ಬೀರು, ಮೇಜಿನ ಮೇಲಿನ ಕಾಗದ ಪತ್ರ ನಿಮಗೆ ಸಂಬಂಧವಿಲ್ಲ.

ತೊಡಕು ಇರುವುದು ವಾರ್ಡ್‌ರೋಬಿನಲ್ಲಿ. ಮರ ಗೋಡೆಗೆ ಸೇರಿದ್ದು, ಒಳಗಿನ ಸೀರೆ ಅವರದು. ಆದರೆ ತೇವ ಅಡಗಿಕೊಳ್ಳುವುದೂ ಅಲ್ಲೇ, ಅದರಲ್ಲೂ ಹಿಂದಿನ ಗೋಡೆಯ ಆಚೆಗೆ ಬಾತ್‌ರೂಮ್ ಇದ್ದರೆ. "ಹಿಂದೆ ಬಾತ್‌ರೂಮ್ ಇದೆ ಅಲ್ವಾ, ಕೆಳಗಿನ ಖಾನೆ ಒಂದ್ಸಲ ತೆಗೆದು ತೋರಿಸ್ತೀರಾ ಅಮ್ಮಾ?" ಎಂದು ಕೇಳಿ. ಅವರೇ ತೆಗೆಯಲಿ. ಪ್ಲೈವುಡ್ಡು ಉಬ್ಬಿದೆಯಾ, ಮೂಲೆಯಲ್ಲಿ ಬಿಳಿ ಉಪ್ಪು ಎದ್ದಿದೆಯಾ, ಆ ಒಂದು ತೇಪೆಗೆ ಮಾತ್ರ ಹೊಸ ಬಣ್ಣ ಬಿದ್ದಿದೆಯಾ ನೋಡಿಕೊಳ್ಳಿ. ಕಂಡದ್ದನ್ನು ಅಲ್ಲೇ ಆಡಿಬಿಡಬೇಡಿ.

ಈ ಬಾಯಿಯ ವಿಷಯ ಕೈಯ ವಿಷಯಕ್ಕಿಂತ ಮುಖ್ಯ. "ಅಯ್ಯೋ, ಅಡುಗೆಮನೆ ಎಷ್ಟು ಚಿಕ್ಕದು" ಎಂದರೆ ಇಪ್ಪತ್ತು ವರ್ಷ ಅಲ್ಲೇ ಅಡುಗೆ ಮಾಡಿದವರಿಗೆ ಚುಚ್ಚುತ್ತದೆ. "ಮನೆ ಅಂದ್ರೆ ಇದು!" ಎಂದು ಹೊಗಳಿದರೆ ಬೆಲೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ಎರಡಕ್ಕೂ ಮನೆಯಿಂದ ದೂರ ಬಂದ ಮೇಲೆ ಜಾಗ ಇದೆ. ಗೇಟಿನ ಹತ್ತಿರವೂ ಬೇಡ, ಪಕ್ಕದ ಮನೆಯವರಿಗೆ ಮಾರುವ ಸುದ್ದಿ ಇನ್ನೂ ಗೊತ್ತಿಲ್ಲದೇ ಇರಬಹುದು. ಅಮೆರಿಕದಲ್ಲಿರುವ ಮಗನಿಗೆ ವಿಡಿಯೋ ಕಾಲ್ ಹಾಕಿ, ಸ್ಪೀಕರಿನಲ್ಲೇ ರೂಮು ರೂಮು ಸುತ್ತುವವರು ಈಚೆಗೆ ಜಾಸ್ತಿ. ಅವನು ಅಲ್ಲಿಂದ ಹೇಳುವ ಟೀಕೆ ಇಡೀ ಮನೆಗೆ ಕೇಳಿಸುತ್ತದೆ.

ಫೋಟೋ ತೆಗೆಯುವುದಾದರೆ ಕೇಳಿ ತೆಗೆಯಿರಿ. ಗೋಡೆ, ನೆಲ, ತಾರಸಿ ಸಾಕು. ಮಕ್ಕಳು, ಗೋಡೆಯ ಮೇಲಿನ ಕುಟುಂಬದ ಪಟ, ಬಾಗಿಲ ಬೀಗ ಬೇಡ. ಅದನ್ನು ವಿಳಾಸ ಸಮೇತ ಮೂವತ್ತು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ.

ಮೊದಲ ಸಲ ಇಬ್ಬರು, ಹೆಚ್ಚೆಂದರೆ ಮೂವರು ಹೋಗಿ. ಚಪ್ಪಲಿ ಹೊರಗೆ, ಬ್ರೋಕರ್ "ಪರವಾಗಿಲ್ಲ ಬನ್ನಿ ಸಾರ್" ಅಂದರೂ. ದೇವರ ಮನೆ ಹೊಸ್ತಿಲಿಂದಲೇ ಕಾಣುತ್ತದೆ. ವಾಸ್ತು ನೋಡುವವರನ್ನು ಕರೆದೊಯ್ದರೆ, ಅಭಿಪ್ರಾಯವನ್ನು ಆಮೇಲೆ ಹೇಳಿ ಎಂದು ಮೊದಲೇ ತಿಳಿಸಿ. ಅಷ್ಟು ವರ್ಷ ಬಾಳಿದವರ ಎದುರು "ಈ ಮನೆಗೆ ದೋಷ ಇದೆ" ಅನ್ನುವುದು ಯಾವ ಶಾಸ್ತ್ರವೋ! ಇನ್ನು "ನೀವು ಯಾವ ಜನ?" ಎಂಬ ಪ್ರಶ್ನೆ. ಗೋಡೆಗೆ ಜಾತಿ ಇಲ್ಲ, ಕೇಳಲೇಬೇಡಿ.

"ಯಾಕೆ ಮಾರ್ತಾ ಇದ್ದೀರಿ?" ಅಂತ ಒಂದು ಸಲ ಕೇಳಬಹುದು. ಕೊಟ್ಟ ಉತ್ತರಕ್ಕೆ ತಲೆಯಾಡಿಸಿ ಬಿಡಿ. ಸಾಲವೋ ಅಣ್ಣತಮ್ಮಂದಿರ ಪಾಲೋ ಎಂದು ಹಾಲಿನಲ್ಲಿ ಕೂತು ಕೆದಕಬೇಕಿಲ್ಲ, ಕಾಗದ ಹೇಳುತ್ತದೆ. ಆಸ್ತಿಯ ವಿವರ ಸಿಕ್ಕ ಮೇಲೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿದರೆ ನೋಂದಣಿಯಾದ ಅಡಮಾನ, ವಿಭಾಗಪತ್ರ ಕಾಣುತ್ತವೆ. ಪಿತ್ರಾರ್ಜಿತ ಆಸ್ತಿಯಾದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. "ನಿಮ್ಮ ತಂಗಿ ಸಹಿ ಹಾಕ್ತಾರಾ?" ಎಂಬ ಪ್ರಶ್ನೆ ಮುಖ್ಯವೇ, ಆದರೆ ಅದನ್ನು ನಿಮ್ಮ ವಕೀಲರು ಕಾಗದ ಮುಂದಿಟ್ಟುಕೊಂಡು ಕೇಳಲಿ. ಆಗ ಅದು ಯಾರಿಗೂ ಕುಟುಂಬದ ಜಗಳ ಕೆದಕಿದಂತೆ ಕೇಳಿಸುವುದಿಲ್ಲ.

ಮನೆಯಲ್ಲಿ ಬಾಡಿಗೆದಾರರಿದ್ದರೆ ಇನ್ನಷ್ಟು ಜೋಪಾನ. ಮಾರಾಟದಿಂದ ಅವರಿಗೆ ಲಾಭವಿಲ್ಲ, ತೊಂದರೆಯೇ. ಹಿಂದಿನ ದಿನವೇ ಓನರ್ ಮೂಲಕ ಸಮಯ ಕೇಳಿಸಿ. ಕಾವೇರಿ ನೀರು ಯಾವ ದಿನ ಬರುತ್ತದೆ, ಬೋರ್‌ವೆಲ್ ಬೇಸಿಗೆಯಲ್ಲಿ ಕೈಕೊಡುತ್ತಾ ಎಂದು ಅವರನ್ನು ಕೇಳಿದರೆ ನಿಜ ಹೇಳುತ್ತಾರೆ. ಬೆಲೆ ಎಷ್ಟು, ನೀವು ಯಾವಾಗ ಖಾಲಿ ಮಾಡ್ತೀರಿ ಎಂಬ ಮಾತು ಅವರ ಹತ್ತಿರ ಎತ್ತಬೇಡಿ. ಬಾಡಿಗೆಯೋ ಲೀಸೋ ಎಂಬುದನ್ನು ಓನರ್ ಹತ್ತಿರ ಮಾತ್ರ ತಪ್ಪದೆ ಕೇಳಿ. ಲೀಸ್ ಆದರೆ, ತಿಂಗಳ ಬಾಡಿಗೆಯ ಬದಲು ಅವರು ಮೊದಲೇ ಕೊಟ್ಟಿರುವ ದೊಡ್ಡ ಮೊತ್ತವನ್ನು ವಾಪಸ್ ಕೊಡುವವರು ಯಾರು ಎಂಬುದು ಅಗ್ರಿಮೆಂಟಿಗೆ ಮೊದಲೇ ತೀರ್ಮಾನವಾಗಬೇಕು.

ಕಾಫಿ ಕೊಟ್ಟರೆ ಕುಡಿಯಿರಿ, ಕುಡಿದ ಮಾತ್ರಕ್ಕೆ ಮನೆ ಕೊಳ್ಳಲೇಬೇಕೆಂದೇನಿಲ್ಲ. ಇಷ್ಟವಾಗದಿದ್ದರೆ ಒಂದೆರಡು ದಿನದಲ್ಲಿ ಬ್ರೋಕರಿಗೋ ಮನೆಯವರಿಗೋ ಫೋನ್ ಮಾಡಿ "ನಮಗೆ ಹೊಂದಲ್ಲ" ಎಂದು ತಿಳಿಸಿ. ಕಾರಣಗಳ ಪಟ್ಟಿ ಬೇಕಿಲ್ಲ. ಇಷ್ಟವಾಗಿದ್ದರೆ ಇನ್ನೊಂದು ಸಲ ನೋಡಲು ಕೇಳಿ, ಆಗ ಮೇಸ್ತ್ರಿಯನ್ನು ಕರೆದುಕೊಂಡು ಬರುತ್ತೇವೆ ಎಂದು ಮುಂಚೆಯೇ ಹೇಳಿ. ಮಳೆ ಬಿದ್ದ ಮಾರನೆಯ ದಿನ ಸಿಕ್ಕರೆ ಇನ್ನೂ ಒಳ್ಳೆಯದು.