ಲಿಂಬಲ್ ಕಾಂಡಕೋಶ: ಕಣ್ಣಂಚಿನ ನೇಜಿ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಚಾಳಿನಲ್ಲಿ ಅಜ್ಜನ ತಂಬಾಕಿನ ಸುಣ್ಣದ ಟ್ಯೂಬನ್ನು ಮೊಮ್ಮಗ ಹಿಸುಕಿದ. ಮುಚ್ಚಳ ಹಾರಿ ಸುಣ್ಣ ಎಡಗಣ್ಣಿಗೆ ಚಿಮ್ಮಿತು. ಗಾಯ ಮಾಗಿದ ಮೇಲೂ ಕರಿಗುಡ್ಡೆಯ ಮೇಲೆ ಮಬ್ಬು ಬಿಳಿ ಪದರ, ಅದರಲ್ಲಿ ಕೆಂಪು ನರಗಳು. “ದಾನದ ಕಣ್ಣು ಹಾಕಿದರೆ ಆಗುವುದಿಲ್ಲವಾ ಡಾಕ್ಟ್ರೇ?” ಎಂದು ಅವನ ಅಮ್ಮ ಕೇಳಿದಾಗ ಬಂದ ಉತ್ತರದಲ್ಲಿ ಈ ಪದವಿತ್ತು: ಲಿಂಬಲ್ ಸ್ಟೆಮ್ ಸೆಲ್.

ಸ್ಟೆಮ್ ಸೆಲ್ಲಿಗೆ ಕಾಂಡಕೋಶ, ಆಕರಕೋಶ ಎರಡೂ ಹೆಸರಿವೆ. ಆಕರಕೋಶವೇ ನನಗೆ ಇಷ್ಟ. ತಾನು ಉಳಿದುಕೊಂಡೇ ಹೊಸ ಕೋಶಗಳನ್ನು ಹುಟ್ಟಿಸುವ ಮೂಲ ಅದು. ಲಿಂಬಸ್ ಅಂದರೆ ಲ್ಯಾಟಿನ್ನಿನಲ್ಲಿ ಅಂಚು. ಕಣ್ಣಿನ ಕಪ್ಪು, ಬಿಳಿ ಕೂಡುವ ಉಂಗುರದಂಥ ಜಾಗವೇ ಈ ಕೋಶಗಳ ಮನೆ. ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಭಾಗ ಕಾರ್ನಿಯಾ. ಅದರ ಮೇಲ್ಪದರ ವಾರ, ಹತ್ತು ದಿನಗಳಲ್ಲಿ ಸವೆದು ಹೊಸದಾಗುತ್ತದೆ. ಆ ಹೊಸ ಕೋಶಗಳೆಲ್ಲ ಹೊರಡುವುದು ಈ ಅಂಚಿನಿಂದ.

ಸುಣ್ಣ ಈ ಅಂಚನ್ನೇ ಸುಟ್ಟರೆ ಬಿಳಿಭಾಗದ ಕೋಶಗಳು ರಕ್ತನಾಳಗಳ ಸಮೇತ ಕಪ್ಪಿನ ಮೇಲೆ ಹಬ್ಬುತ್ತವೆ. ದಾನದ ಕಾರ್ನಿಯಾ ಮಾತ್ರ ಕೂರಿಸಿದರೂ ಅದರ ಮೇಲ್ಪದರ ಸವೆದಾಗ ತುಂಬಿಕೊಡುವವರಿಲ್ಲ, ಮತ್ತೆ ಮಬ್ಬು.

1997ರಲ್ಲಿ ಇಟಲಿಯ ವಿಜ್ಞಾನಿಗಳು ರೋಗಿಯ ಒಳ್ಳೆಯ ಕಣ್ಣಿನಿಂದ ಈ ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಸುಟ್ಟ ಕಣ್ಣಿಗೆ ಹಾಕಿದ್ದನ್ನು ವರದಿ ಮಾಡಿದರು. ಪ್ರಯೋಗಾಲಯದ ಖರ್ಚು ದೊಡ್ಡದು. ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆಯಲ್ಲಿ ವೀರೇಂದರ್ ಸಂಗ್ವಾನ್ ತಂಡ ಆ ಹಂತವನ್ನೇ ಬಿಟ್ಟು, 2012ರಲ್ಲಿ ‘ಸ್ಲೆಟ್’ (ಸಿಂಪಲ್ ಲಿಂಬಲ್ ಎಪಿಥೀಲಿಯಲ್ ಟ್ರಾನ್ಸ್‌ಪ್ಲಾಂಟೇಶನ್) ಎಂಬ ವಿಧಾನವನ್ನು ಪ್ರಕಟಿಸಿತು. ನಮ್ಮ ಊರಿನ ಗದ್ದೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಇದು ನೇಜಿ, ಅಂದರೆ ಭತ್ತದ ಸಸಿ, ನೆಡುವ ಕೆಲಸವೇ. ಒಳ್ಳೆಯ ಕಣ್ಣಿನ ಅಂಚಿನಿಂದ ಸುಮಾರು 2 ಮಿಲಿಮೀಟರ್ ಚೂರು ತೆಗೆದು, ಎಂಟು ಹತ್ತು ತುಣುಕು ಮಾಡಿ, ಸ್ವಚ್ಛಗೊಳಿಸಿದ ಕಣ್ಣಿನ ಮೇಲೆ ಬಿಡಿಬಿಡಿಯಾಗಿ ಇಡುತ್ತಾರೆ. ಕೆಳಗೆ ಗದ್ದೆಯಂತೆ ಹಾಸುವುದು ಹೆರಿಗೆಯ ಮಾಸಿನಿಂದ ಪಡೆದ ತೆಳು ಪೊರೆ. ಹಿಡಿದಿಡುವುದು ಫೈಬ್ರಿನ್ ಅಂಟು, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನದು. ಕೋಶಗಳು ಅಲ್ಲೇ ಹಬ್ಬಿ ಒಂದಕ್ಕೊಂದು ಕೂಡುತ್ತವೆ. ಎರಡೂ ಕಣ್ಣು ಸುಟ್ಟಿದ್ದರೆ ಬೇರೆಯವರ ಚೂರು ಬೇಕು, ಜೊತೆಗೆ ದೇಹ ಅದನ್ನು ತಿರಸ್ಕರಿಸದಂತೆ ಔಷಧಿ.

ಇದು ಕಣ್ಣಿನ ಮೇಲ್ಮೈಯ ಮಾತು. ಒಳಗೆ ಬೆಳಕನ್ನು ಗ್ರಹಿಸುವ ಪರದೆ, ರೆಟಿನಾ, ಬೇರೆಯೇ ವಿಷಯ. ಅಮೆರಿಕದ ಫ್ಲೋರಿಡಾದಲ್ಲಿ ಕೊಬ್ಬಿನಿಂದ ತೆಗೆದ ‘ಸ್ಟೆಮ್ ಸೆಲ್’ ಕಣ್ಣೊಳಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರ ದೃಷ್ಟಿ ತೀವ್ರವಾಗಿ ಹಾಳಾದದ್ದು 2017ರಲ್ಲಿ ವರದಿಯಾಯಿತು. ಹೆಸರು ಒಂದೇ ಎಂದು ನಂಬಬೇಡಿ.

ನಮ್ಮ ಹುಡುಗನ ಬಲಗಣ್ಣು ಚೆನ್ನಾಗಿದೆ, ನೇಜಿಗೆ ಅಷ್ಟು ಸಾಕು. ಆದರೆ ಸುಣ್ಣ ಬಿದ್ದ ಕೂಡಲೇ ಕಣ್ಣು ಬಿಡಿಸಿ, ಅರ್ಧ ಗಂಟೆಯಾದರೂ ನೀರು ಹಾಯಿಸಿ ತೊಳೆಯಬೇಕಿತ್ತು. ಆ ಹೊತ್ತು ಎಲ್ಲರೂ ರಿಕ್ಷಾ ಹುಡುಕಲು ಓಡಿದೆವು. ಬಾಗಿಲ ಪಕ್ಕದಲ್ಲೇ ನೀರಿನ ಡ್ರಮ್ಮು ತುಂಬಿತ್ತು.